ಮೂಗಿಗಿಂತ ಮೂಗುತಿ ಭಾರ

ಚಳಿ ಶುರುವಾಗುವ ಹೊತ್ತಿಗೆ ಈ ದುಡ್ಡಿನ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಲ, ವಿಮೆ, ಬಡ್ಡಿ ಎಲ್ಲ ಹಿಂದೆ ಸರಿದು ಬೆಂಕಿ ಮುಂದೆ ಬರುತ್ತದೆ. ಈ ಸಲ ಮನೆಯೊಳಗೆ ಅಗ್ಗಿಷ್ಟಿಕೆ ಕಟ್ಟಿಸುವ, ಸೌದೆ ಒಲೆ ಕೂರಿಸುವ ಬಗ್ಗೆಯೇ ಆರು ಪತ್ರ ಬಂದಿವೆ. ಕೇಳಿರುವುದೆಲ್ಲ ದುಡ್ಡಿನ ಮಾತು. ಮೂವತ್ತು ವರ್ಷ ಕಟ್ಟಡಗಳ ಎಸ್ಟಿಮೇಟ್ ಬರೆದವಳು ನಾನು. ಆದರೂ ಸ್ವಂತ ಮನೆಯಲ್ಲಿ ಒಂದು ಅಗ್ಗಿಷ್ಟಿಕೆ ಕಟ್ಟಿಸಿ, ಸರಿಯಾಗಿ ಕೈ ಸುಟ್ಟುಕೊಂಡು, ನಾಲ್ಕು ವರ್ಷ ಬಿಟ್ಟು ಅದೇ ಗೂಡಿನೊಳಗೆ ಕಬ್ಬಿಣದ ಒಲೆ ತುರುಕಿಸಿದವಳು. ಎರಡರ ಲೆಕ್ಕವೂ ನನ್ನ ನೋಟ್‌ಬುಕ್ಕಿನಲ್ಲಿದೆ. ಅದನ್ನೇ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ, ಪಾಯ ಮುಗಿದಿದೆ. ಹಾಲ್‌ನಲ್ಲಿ ಇಟ್ಟಿಗೆಯ ತೆರೆದ ಅಗ್ಗಿಷ್ಟಿಕೆ ಬೇಕೆಂದು ನಮ್ಮ ಯಜಮಾನರು. ಬಾಗಿಲಿರುವ ಕಬ್ಬಿಣದ ಒಲೆ ಸಾಕೆಂದು ನಾನು. ಈಗಿರುವ ಮನೆಯಲ್ಲಿ 2 ಕಿಲೋವಾಟ್‌ನ ಕರೆಂಟ್ ಹೀಟರ್ ದಿನಾ ಸಂಜೆ ಐದು ಗಂಟೆ ಉರಿಯುತ್ತದೆ. ಯಾವುದು ಹಾಕಿಸಿದರೆ ಬಿಲ್ ಕಮ್ಮಿಯಾಗುತ್ತದೆ ಮೇಡಂ?

ನೀವು ಗೆದ್ದಿರಿ. ಆದರೆ ಗೆದ್ದದ್ದು ಯಾಕೆಂದು ಯಜಮಾನರಿಗೆ ಹೇಳಬೇಕಲ್ಲ, ಅದಕ್ಕೆ ಲೆಕ್ಕ ಕೊಡುತ್ತೇನೆ.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತದೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಸುಟ್ಟರೆ ಅದರಲ್ಲಿ ಕೋಣೆಗೆ ಸಿಗುವುದು ನೂರಕ್ಕೆ ಹತ್ತೋ ಹದಿನೈದೋ ಪಾಲು, ಅಂದರೆ ಅರ್ಧ ಯೂನಿಟ್. ಉಳಿದದ್ದು ಚಿಮಣಿ ಹತ್ತಿ ಆಕಾಶಕ್ಕೆ. ಬಾಗಿಲು ಮುಚ್ಚಿ ಗಾಳಿಯನ್ನು ಅಳೆದು ಬಿಡುವ ಒಳ್ಳೆಯ ಒಲೆಯಲ್ಲಿ ಅದೇ ಸೌದೆಯಿಂದ ನೂರಕ್ಕೆ ಎಪ್ಪತ್ತರ ಹತ್ತಿರ, ಅಂದರೆ 2.8 ಯೂನಿಟ್ ಕೈಗೆ ಬರುತ್ತದೆ.

ನಿಮ್ಮ ಹೀಟರ್ ಸಂಜೆಗೆ 10 ಯೂನಿಟ್ ತಿನ್ನುತ್ತದೆ. ಅಷ್ಟೇ ಬಿಸಿಗೆ ಒಲೆಯಲ್ಲಿ ಮೂರೂವರೆ ಕಿಲೋ ಸೌದೆ ಸಾಕು. ತೆರೆದ ಅಗ್ಗಿಷ್ಟಿಕೆಯಲ್ಲಿ 20 ಕಿಲೋ, ಕೆಲವೊಮ್ಮೆ 25. ನಿಮ್ಮ ಕಡೆ ಮೂರು ಯೂನಿಟ್ ಕರೆಂಟಿಗೆ ಎಷ್ಟು, ಒಂದು ಕಿಲೋ ಒಣ ಸೌದೆಗೆ ಎಷ್ಟು, ಎರಡನ್ನೂ ಪಕ್ಕ ಪಕ್ಕ ಬರೆದು ನೋಡಿ. ಸೌದೆ ಅರ್ಧಕ್ಕಿಂತ ಕಮ್ಮಿ ಬಿದ್ದರೆ ಒಲೆಯ ಮಾತು ಮುಂದುವರಿಸಬಹುದು. ಸಮ ಸಮ ಬಂದರೆ ಉಳಿತಾಯದ ಹೆಸರು ಹೇಳಿ ಒಲೆ ತರಬೇಡಿ. ಬೆಂಕಿಯ ಮುಂದೆ ಕೂರುವ ಖುಷಿಗೆ ಅಂತ ತನ್ನಿ, ಅದೇನು ತಪ್ಪಲ್ಲ.

ಇನ್ನೊಂದು ವಿಷಯ. ನೀವು ಹೋಲಿಸುತ್ತಿರುವುದು ಕಾಯ್ಲ್ ಕೆಂಪಗಾಗುವ ಸಾದಾ ಹೀಟರ್ ಜೊತೆ. ಬಿಸಿಗಾಳಿ ಬಿಡುವ ಎಸಿ ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಅದು ಒಂದು ಯೂನಿಟ್ ಕರೆಂಟ್ ತಿಂದು ಹೊರಗಿನ ಗಾಳಿಯಿಂದ ಶಾಖ ಎಳೆದು ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಆಗ ಒಂದು ಕಿಲೋ ಸೌದೆ ಒಂದೇ ಯೂನಿಟ್ ಕರೆಂಟಿಗೆ ಸಮ. ಹೊಸ ಮನೆಗೆ ಎಸಿ ಹೇಗೂ ಬರುತ್ತದೆ ಅಂದರೆ ಈ ಸಾಲನ್ನು ಎರಡು ಸಲ ಓದಿ. ಗ್ಯಾಸ್ ಹೀಟರ್ ಇರುವವರಿಗೆ: ಒಂದು ಕಿಲೋ ಎಲ್‌ಪಿಜಿಯ ಶಾಖಕ್ಕೆ ಒಲೆಯಲ್ಲಿ ಸುಮಾರು ನಾಲ್ಕೂವರೆ ಕಿಲೋ ಸೌದೆ ಬೇಕು.

ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ? ಅದು ಒಲೆಗಿಂತ ನಿಮ್ಮ ಚಳಿಯನ್ನು ನಂಬಿಕೊಂಡಿದೆ. ವರ್ಷಕ್ಕೆ 60 ಸಂಜೆ ಉರಿಸಿದರೆ ಉಳಿಯುವುದು 600 ಯೂನಿಟ್. ಅದರಿಂದ 210 ಕಿಲೋ ಸೌದೆಯ ಬೆಲೆ ಕಳೆಯಿರಿ, ಒಂದು ಸಲ ಚಿಮಣಿ ಗುಡಿಸುವ ಕೂಲಿ ಕಳೆಯಿರಿ. ಉಳಿದ ಮೊತ್ತದಿಂದ ಒಟ್ಟು ಖರ್ಚನ್ನು ಭಾಗಿಸಿ. 150 ಸಂಜೆ ಉರಿಸುವ ಮನೆಯಲ್ಲಿ ಉಳಿತಾಯ ಎರಡೂವರೆ ಪಟ್ಟು, ಗುಡಿಸುವ ಕೂಲಿ ಹೆಚ್ಚುಕಮ್ಮಿ ಅಷ್ಟೇ. ಸಾಲ ಮಾಡಿ ಹಾಕಿಸುವುದಾದರೆ ಬಡ್ಡಿಯನ್ನೂ ಖರ್ಚಿಗೆ ಸೇರಿಸಿ. ಆ ಬಡ್ಡಿಯೇ ವರ್ಷದ ಉಳಿತಾಯವನ್ನು ನುಂಗುವುದಾದರೆ ಎರಡು ವರ್ಷ ಸ್ವೆಟರ್ ಹಾಕಿಕೊಂಡು ದುಡ್ಡು ಕೂಡಿಸಿ.

ಇನ್ನು ಪಾಯದ ಮಾತು. ಒಂದು ಘನ ಮೀಟರ್ ಇಟ್ಟಿಗೆ ಕೆಲಸ ಹತ್ತಿರ ಹತ್ತಿರ 1,900 ಕಿಲೋ ತೂಗುತ್ತದೆ. ಅಗ್ಗಿಷ್ಟಿಕೆ, ಅದರ ಮೇಲೆ ಚಾವಣಿ ದಾಟುವ ಇಟ್ಟಿಗೆ ಚಿಮಣಿ ಅಂದರೆ ಹಲವು ಟನ್. ಅದಕ್ಕೆ ಅದರದೇ ಪಾಯ ಬೇಕು. ನಿಮ್ಮ ಪಾಯ ಮುಗಿದಿದೆ ಅಂದಿದ್ದೀರಿ, ಅಂದರೆ ಮತ್ತೆ ಅಗೆಯಬೇಕು. ಕಬ್ಬಿಣದ ಒಲೆ, ಸ್ಟೀಲ್ ಪೈಪಿನ ಚಿಮಣಿ ಎರಡೂ ಸೇರಿ ಸಾಮಾನ್ಯವಾಗಿ ಕೆಲವು ನೂರು ಕಿಲೋ. ಗಟ್ಟಿ ನೆಲ ಅದನ್ನು ತಡೆಯುತ್ತದೆ.

ನನ್ನ ನೋಟ್‌ಬುಕ್ಕಿನಿಂದ ಒಂದು ಪುಟ ಹೇಳಿಬಿಡುತ್ತೇನೆ. ತೆರೆದ ಅಗ್ಗಿಷ್ಟಿಕೆಯ ಮೊದಲ ಚಳಿಗಾಲದಲ್ಲಿ ಸೌದೆಯನ್ನು ತೂಕ ಹಾಕಿಯೇ ಒಳಗೆ ತರುತ್ತಿದ್ದೆ. ದಿನಕ್ಕೆ ಸರಾಸರಿ 18 ಕಿಲೋ. ಬೆಂಕಿಯ ಮುಂದಿನ ಕುರ್ಚಿಯಲ್ಲಿ 24 ಡಿಗ್ರಿ. ಆಹಾ, ಸುಖ. ಆದರೆ ಹಿಂದಿನ ಮಲಗುವ ಕೋಣೆ ಬೆಂಕಿ ಹಾಕುವ ಮೊದಲು 17 ಡಿಗ್ರಿ ಇದ್ದದ್ದು ಎರಡು ಗಂಟೆಯಲ್ಲಿ 15ಕ್ಕೆ ಇಳಿದಿತ್ತು. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದೂ 15 ಅಂದಿತು. ಆಗ ತಲೆಗೆ ಹೋಯಿತು. ಬೆಂಕಿ ಉರಿಯಲು ಗಾಳಿ ಬೇಕು. ಆ ಗಾಳಿಯನ್ನು ಮನೆಯೊಳಗಿಂದಲೇ ಎಳೆದು ಹೊರಗೆ ಹಾಕುತ್ತದೆ. ಖಾಲಿಯಾದ ಜಾಗಕ್ಕೆ ಕಿಟಕಿ ಬಾಗಿಲ ಸಂದುಗಳಿಂದ ಹೊರಗಿನ ಚಳಿಗಾಳಿ ನುಗ್ಗುತ್ತದೆ. ಅಂದರೆ ಹಾಲ್ ಬಿಸಿ ಮಾಡಲು ದುಡ್ಡು ಕೊಟ್ಟು ಮಲಗುವ ಕೋಣೆಯನ್ನು ತಣ್ಣಗೆ ಮಾಡಿಕೊಂಡಿದ್ದೆ. ಎಸ್ಟಿಮೇಟ್ ಬರೆಯುವವಳಿಗೇ ಈ ಗತಿ!

ಚಿಮಣಿಯ ಅಗಲ ನೋಡಿದರೂ ಇದು ಗೊತ್ತಾಗುತ್ತದೆ. 36 ಇಂಚು ಅಗಲ, 30 ಇಂಚು ಎತ್ತರದ ಅಗ್ಗಿಷ್ಟಿಕೆಗೆ ಚಿಮಣಿಯ ಒಳಬಾಯಿ ಅದರ ಹತ್ತನೇ ಒಂದು ಪಾಲು, 108 ಚದರ ಇಂಚು ಇರಬೇಕು. ಕಮ್ಮಿ ಮಾಡಿದರೆ ಹೊಗೆ ಒಳಗೆ ಬರುತ್ತದೆ. ಒಲೆಗೆ ಸಾಮಾನ್ಯವಾಗಿ ಹಾಕುವ 6 ಇಂಚಿನ ಪೈಪಿನ ಬಾಯಿ 28 ಚದರ ಇಂಚು. ನಿಮ್ಮ ಮನೆಯ ಬಿಸಿ ಹೊರಗೆ ಹೋಗುವ ದಾರಿ ಯಾವುದರಲ್ಲಿ ದೊಡ್ಡದು, ನೀವೇ ನೋಡಿ.

ಇದೇನೂ ಇವತ್ತಿನ ದೂರಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ ಕಬ್ಬಿಣದ ಅಗ್ಗಿಷ್ಟಿಕೆ ಮಾಡಲು ಹೊರಟಿದ್ದು ಇದೇ ಕಾರಣಕ್ಕೆ. ಸೌದೆ ಜಾಸ್ತಿ, ಬಿಸಿ ಕಮ್ಮಿ ಅಂತ. ಅದಕ್ಕೆ ಪೇಟೆಂಟ್ ಕೊಡುತ್ತೇವೆ ಅಂದರೂ ಆತ ಬೇಡ ಅಂದ. ದುಡ್ಡಿನ ಅಂಕಣದಲ್ಲಿ ಇಂಥವರ ಹೆಸರು ಬರುವುದು ಅಪರೂಪ, ಅದಕ್ಕೇ ಬರೆದೆ.

ಗೋಡೆ ಏಳುವ ಮುಂಚೆ ಒಂದು ಕೆಲಸ ಮಾಡಿಸಿ. ಒಲೆ ಕೂರುವ ಜಾಗಕ್ಕೆ ಹೊರಗಿನಿಂದ ನೇರ ಗಾಳಿ ಬರುವಂತೆ ನೆಲದಡಿ ಒಂದು ಪೈಪ್ ಹಾಕಿಸಿ. ಈಗ ಅದು ಪೈಪಿನ ಬೆಲೆ ಅಷ್ಟೇ. ಟೈಲ್ಸ್ ಕೂರಿಸಿದ ಮೇಲಾದರೆ ಒಡೆಯುವ ಕೂಲಿ, ಮುಚ್ಚುವ ಕೂಲಿ, ಹೊಂದುವ ಟೈಲ್ಸ್ ಹುಡುಕುವ ಅಲೆದಾಟ.

ಪ್ರಶ್ನೆ: ಇಷ್ಟಪಟ್ಟ ಒಲೆಗೆ ಬೆಲೆ ಕೇಳಿ ಬಂದೆ, ಪರವಾಗಿಲ್ಲ ಅನ್ನಿಸಿತು. ಆದರೆ ಕೂರಿಸುವವರು ಚಿಮಣಿಗೆ ಕೊಟ್ಟ ಕೊಟೇಶನ್ ಒಲೆಯ ಒಂದೂವರೆ ಪಟ್ಟು! ಒಲೆಗಿಂತ ಪೈಪಿಗೆ ಜಾಸ್ತಿ ಅಂದರೆ ಏನರ್ಥ ಮೇಡಂ? ನನಗೆ ಟೋಪಿ ಹಾಕುತ್ತಿದ್ದಾರಾ?

ಇಲ್ಲದಿರಬಹುದು. ಒಲೆಯ ವಿಷಯದಲ್ಲಿ ಮೂಗಿಗಿಂತ ಮೂಗುತಿಯೇ ಭಾರ. ಚಿಮಣಿ ಒಲೆಯ ಸಮಕ್ಕೆ ಬರುವುದು, ಅದನ್ನು ಮೀರುವುದು ಎರಡೂ ಮಾಮೂಲು. ಅಂಗಡಿಯಲ್ಲಿ ಒಲೆ ಹೊಳೆಯುತ್ತಾ ಕೂತಿರುತ್ತದೆ, ಚಿಮಣಿ ಕಾಣುವುದಿಲ್ಲ. ಎಲ್ಲರೂ ಮೊದಲು ಒಲೆ ಆರಿಸಿ, ಮಿಕ್ಕ ದುಡ್ಡಿನಲ್ಲಿ ಚಿಮಣಿ ಅನ್ನುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಮೊದಲು ಚಿಮಣಿಗೆ ದುಡ್ಡು ಎತ್ತಿಡಿ, ಮಿಕ್ಕಿದ್ದರಲ್ಲಿ ಒಲೆ ಆರಿಸಿ. ಒಳ್ಳೆಯ ಚಿಮಣಿಗೆ ಸಾಧಾರಣ ಒಲೆ ಹೊಂದಿಕೊಳ್ಳುತ್ತದೆ. ಕೆಟ್ಟ ಚಿಮಣಿಗೆ ಎಂಥ ಒಲೆ ತಂದರೂ ಹೊಗೆಯೇ.

ಯಾಕೆ ಅಷ್ಟು ಖರ್ಚು ಅಂದರೆ ಎತ್ತರ. ಚಿಮಣಿ ಚಾವಣಿಯಿಂದ ಹೊರಬರುವ ಜಾಗಕ್ಕಿಂತ ಕನಿಷ್ಠ 3 ಅಡಿ ಮೇಲೆ ಹೋಗಬೇಕು. ಅಷ್ಟೇ ಅಲ್ಲ, ಸುತ್ತ 10 ಅಡಿಯೊಳಗೆ ಚಾವಣಿಯ ಯಾವ ಭಾಗ ಇದ್ದರೂ ಅದಕ್ಕಿಂತ 2 ಅಡಿ ಎತ್ತರ ಇರಬೇಕು. ಇಳಿಜಾರು ಚಾವಣಿಯ ಕೆಳಅಂಚಿನಲ್ಲಿ ಚಿಮಣಿ ಬಂದರೆ ಈ ಎರಡನೇ ಮಾತು ಪೈಪನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಒಲೆಯನ್ನು ಮನೆಯ ನಡುಭಾಗದ ಹತ್ತಿರ ಇಟ್ಟರೆ ಲಾಭ. ಚಿಮಣಿ ಚಾವಣಿಯ ನೆತ್ತಿಯ ಹತ್ತಿರ ಹೊರಬರುತ್ತದೆ, ಹೊರಗೆ ನಿಲ್ಲುವ ಪೈಪ್ ಗಿಡ್ಡದಾಗುತ್ತದೆ. ಮನೆಯೊಳಗೆ ಏರುವುದರಿಂದ ಬೆಚ್ಚಗೂ ಇರುತ್ತದೆ, ಚೆನ್ನಾಗಿ ಎಳೆಯುತ್ತದೆ. ಹೊರಗೋಡೆಗೆ ಅಂಟಿಸಿದ ಚಿಮಣಿ ಚಳಿಯಲ್ಲಿ ತಣ್ಣಗಾಗಿ ಹೊಗೆ ಏರುವುದೇ ನಿಧಾನ. ಮಸಿ ಕಟ್ಟುವುದು ಬೇಗ.

ನನ್ನ ಮನೆಯ ಕಥೆ ಇಲ್ಲೇ ಕೆಟ್ಟಿದ್ದು. ಮೇಸ್ತ್ರಿ ಚಿಮಣಿಯನ್ನು ಚಾವಣಿಯ ನೆತ್ತಿಗಿಂತ ಒಂದೂವರೆ ಅಡಿ ಕೆಳಗೇ ನಿಲ್ಲಿಸಿದರು. ನೋಡಲು ಅಂದ, ಸಾಕು ಅಂದರು. ನಾನೂ ತಲೆಯಾಡಿಸಿದೆ. ಸ್ವಂತ ಮನೆ ಅಂದರೆ ಅಳತೆಪಟ್ಟಿ ಹಿಡಿಯಲು ಕೈಯೇ ಬರುವುದಿಲ್ಲ ನೋಡಿ. ಗಾಳಿ ಬೀಸಿದ ರಾತ್ರಿಯೆಲ್ಲ ಹೊಗೆ ವಾಪಸ್ ಇಳಿದು ಹಾಲ್ ತುಂಬುತ್ತಿತ್ತು. ಕೊನೆಗೆ ಮತ್ತೆ ಸಾರುವೆ ಕಟ್ಟಿಸಿ, ಚಿಮಣಿ ನಾಲ್ಕು ಅಡಿ ಏರಿಸಿ, ಹಾಲ್‌ನ ಸೂರಿಗೆ ಹೊಸದಾಗಿ ಬಣ್ಣ ಹೊಡೆಸಿದೆ. ಆ ಮೂರು ಖರ್ಚು ಸೇರಿ ಮೊದಲ ಚಿಮಣಿಯ ಮುಕ್ಕಾಲು ಪಾಲಾಯಿತು.

ನಿಮ್ಮ ಕೊಟೇಶನ್‌ನಲ್ಲಿ ಒಟ್ಟು ಮೊತ್ತ ಒಂದೇ ಸಾಲಿನಲ್ಲಿದ್ದರೆ ಬಿಡಿಸಿ ಬರೆದುಕೊಡಿ ಅನ್ನಿ. ಒಳಗೆ ಕಾಣುವ ಒಂಟಿ ಪದರದ ಪೈಪ್ ಎಷ್ಟು ಅಡಿ, ಸೂರು ಮತ್ತು ಚಾವಣಿ ದಾಟುವಲ್ಲಿ ಎರಡು ಪದರದ, ನಡುವೆ ಶಾಖ ತಡೆ ಇರುವ ಪೈಪ್ ಎಷ್ಟು ಅಡಿ, ಬೇರೆ ಬೇರೆ ಇರಬೇಕು. ದುಬಾರಿ ಇರುವುದು ಆ ಎರಡನೆಯದು. ಅದನ್ನು ಉಳಿಸಲು ಹೋಗಿ ಒಂಟಿ ಪೈಪನ್ನೇ ಮರದ ಜಂತಿ ಪಕ್ಕದಲ್ಲಿ ಹಾಯಿಸುವವರಿದ್ದಾರೆ. ಅವರ ಕೈಗೆ ಮನೆ ಕೊಡಬೇಡಿ. ಚಾವಣಿಯ ತೂತಿನ ಸುತ್ತ ಮಳೆ ಸೋರದಂತೆ ಹಾಕುವ ತಗಡಿನ ಕಾಲರ್, ಮೇಲಿನ ಟೋಪಿ, ಮಸಿ ತೆಗೆಯಲು ಬಾಗಿಲು, ಸಾರುವೆ ಕೂಲಿ, ಒಲೆಯ ಕೆಳಗಿನ ಕಲ್ಲು ಹಾಸು, ಕಟ್ಟಡದ ಅನುಮತಿ ಬೇಕಾದ ಕಡೆ ಅದರ ಶುಲ್ಕ, ಇವೆಲ್ಲ ಇದೆಯಾ ನೋಡಿ. ಇಲ್ಲದಿದ್ದರೆ ಕೆಲಸ ಅರ್ಧ ಆದ ಮೇಲೆ ಒಂದೊಂದಾಗಿ ಬರುತ್ತವೆ. ಪೈಪ್ ನೆಟ್ಟಗೆ ಹೋಗುವಂತೆ ಒಲೆಯ ಜಾಗವನ್ನು ಅರ್ಧ ಅಡಿ ಆಚೀಚೆ ಮಾಡಿದರೂ ಒಂದೆರಡು ಬಾಗು ತಪ್ಪುತ್ತವೆ. ಪ್ರತಿ ಬಾಗಿಗೂ ದುಡ್ಡಿದೆ, ಮೇಲಾಗಿ ಮಸಿ ಕೂರುವುದೂ ಅಲ್ಲೇ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಎರಡು ದೊಡ್ಡ ಮರ ಬಿದ್ದಿವೆ. ಸೌದೆ ಪುಕ್ಕಟೆ. ಹಾಗಾದರೆ ಒಲೆ ಕೂರಿಸಿದ ಮೇಲೆ ಖರ್ಚೇ ಇಲ್ಲ, ಅಲ್ವಾ?

ಅಲ್ಲ. ಬಿದ್ದ ಮರ ಇನ್ನೂ ಸೌದೆಯಾಗಿಲ್ಲ, ಅದರಲ್ಲಿ ಅರ್ಧ ನೀರು.

ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಐವತ್ತು ಪಾಲು ನೀರಿರುತ್ತದೆ. ಒಲೆಗೆ ಹಾಕಲು ಅದು ಇಪ್ಪತ್ತಕ್ಕಿಂತ ಕೆಳಗೆ ಇಳಿಯಬೇಕು. ನೀವು 100 ಕಿಲೋ ಹಸಿ ಸೌದೆ ಒಟ್ಟಿಟ್ಟರೆ, ಒಣಗಿದ ಮೇಲೆ ಸಿಗುವುದು 62 ಕಿಲೋ ಚಿಲ್ಲರೆ. ಹಾಗಾಗಿ ಹಸಿ ಸೌದೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ಪ್ರತಿ 100 ಕಿಲೋದಲ್ಲಿ 37 ಕಿಲೋ ನೀರಿಗೆ ದುಡ್ಡು ಕೊಡುತ್ತಿರುತ್ತಾರೆ. ಒಣಗಿಸದೆ ಒಲೆಗೆ ಹಾಕಿದರೆ ಇನ್ನೂ ಕಷ್ಟ. ಮೊದಲು ಆ ನೀರನ್ನು ಕುದಿಸಿ ಆವಿ ಮಾಡಲೇ ಬೆಂಕಿಯ ಶಾಖ ಹೋಗುತ್ತದೆ. ಹೊಗೆ ತಣ್ಣಗಾಗುತ್ತದೆ, ಚಿಮಣಿಯ ಒಳಗೋಡೆಗೆ ಡಾಂಬರಿನಂಥ ಜಿಡ್ಡು ಮಸಿ ಹಿಡಿಯುತ್ತದೆ. ಕ್ರಿಯೋಸೋಟ್ ಅನ್ನುವುದು ಇದನ್ನೇ. ಅದು ಹೊತ್ತಿಕೊಂಡರೆ ಚಿಮಣಿಯೊಳಗೆ ಸಾವಿರ ಡಿಗ್ರಿ ದಾಟುತ್ತದೆ. ಆಮೇಲೆ ನಾವು ಮಾತಾಡುತ್ತಿರುವುದು ಸೌದೆಯ ಖರ್ಚಲ್ಲ, ಮನೆಯ ಖರ್ಚು.

ಒಣಗಲು ಟೈಮ್ ಬೇಕು. ಸೀಳಿ, ಮೇಲೆ ಮುಚ್ಚಿ, ಪಕ್ಕಗಳಿಂದ ಗಾಳಿಯಾಡುವಂತೆ ಒಟ್ಟಿದ ಮೆತ್ತನೆ ಮರಕ್ಕೆ ಆರು ತಿಂಗಳು. ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು. ಸೀಳದೆ ದಿಮ್ಮಿಯಾಗಿ ಬಿಟ್ಟರೆ ತೊಗಟೆಯೊಳಗೆ ನೀರು ಹಾಗೇ ಕೂತಿರುತ್ತದೆ. ಹಾಗಾಗಿ ಈ ಚಳಿಗಾಲದ್ದು ಒಂದು ರಾಶಿ, ಮುಂದಿನದ್ದು ಇನ್ನೊಂದು ರಾಶಿ, ಎರಡಕ್ಕೂ ಜಾಗ ಬೇಕು. ಒಂದು ಟನ್ ಒಣ ಸೌದೆ ಒಟ್ಟಿದರೆ ಎರಡರಿಂದ ಎರಡೂವರೆ ಘನ ಮೀಟರ್ ಜಾಗ ತಿನ್ನುತ್ತದೆ. ನೆಲದಿಂದ ಒಂದು ಗೇಣು ಎತ್ತರಿಸಿದ ಸೌದೆ ಮಾಡಿಗೆ, ತಗಡಿಗೆ, ಕೊಡಲಿಗೆ, ಗರಗಸಕ್ಕೆ, ಕುಯ್ಯುವ ಕೂಲಿಗೆ ಒಂದು ಪುಟ ತೆರೆಯಿರಿ. ನಿಮ್ಮ ಸ್ವಂತ ಸೊಂಟಕ್ಕೂ ಒಂದು ಸಾಲು ಇರಲಿ.

ಒಣಗಿದೆಯಾ ಅಂತ ಹೇಗೆ ತಿಳಿಯುವುದು? ಮುಳ್ಳಿನ ತೇವದ ಮೀಟರ್ ಸಿಗುತ್ತದೆ. ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ ನೋಡಬೇಕು. ಹೊರಮೈ ನೋಡಿದರೆ ಸುಳ್ಳು ಹೇಳುತ್ತದೆ. ಮೀಟರ್ ಇಲ್ಲದ ಕಾಲದಲ್ಲಿ ನಾನು ರಾಶಿಯಿಂದ ಮೂರು ತುಂಡಿಗೆ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ತೂಗುತ್ತಿದ್ದೆ. ತೂಕ ಇಳಿಯುವುದು ನಿಂತಾಗ ಒಳಗೆ ತರುತ್ತಿದ್ದೆ. ಸುಮ್ನೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತೆ ಅನ್ನುವವರನ್ನು ನಾನು ನಂಬುವುದಿಲ್ಲ.

ಮುಂದೆ ಕೊಳ್ಳಬೇಕಾಗಿ ಬಂದಾಗ ನೆನಪಿರಲಿ: ಒಣಗಿದ ಮೇಲೆ ಯಾವ ಮರವಾದರೂ ಕಿಲೋಗೆ ಕೊಡುವ ಶಾಖ ಹೆಚ್ಚುಕಮ್ಮಿ ಒಂದೇ. ತೂಕದಲ್ಲಿ ಕೊಳ್ಳುವುದಾದರೆ ಒಣಗಿದ್ದನ್ನು ನೋಡಿ, ಮರದ ಜಾತಿಗೆ ಜಾಸ್ತಿ ಕೊಡಬೇಡಿ. ಗಾಡಿ ಲೆಕ್ಕದಲ್ಲಿ ಕೊಳ್ಳುವುದಾದರೆ ಗಟ್ಟಿ ಮರವೇ ಲಾಭ. ಅಷ್ಟೇ ಜಾಗದಲ್ಲಿ ಜಾಸ್ತಿ ತೂಕ ಬರುತ್ತದೆ.

ಪ್ರಶ್ನೆ: ಪರಿಚಯದವರು ಮನೆ ಖಾಲಿ ಮಾಡುತ್ತಾ ಹಳೆಯ ಬೀಡುಕಬ್ಬಿಣದ ಒಲೆ ಕಾಲು ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇಪ್ಪತ್ತೈದು ವರ್ಷದ್ದಂತೆ. ತಗೊಳ್ಳಲಾ?

ಹಗಲು ಹೊತ್ತು ಹೋಗಿ, ಟಾರ್ಚ್ ತಗೊಂಡು ಹೋಗಿ. ಒಲೆಯೊಳಗೆ ಟಾರ್ಚ್ ಇಟ್ಟು ಬಾಗಿಲು ಮುಚ್ಚಿ, ಕೋಣೆ ಕತ್ತಲು ಮಾಡಿ. ಜೋಡಣೆಗಳಲ್ಲಿ ಬೆಳಕು ಇಣುಕಿದರೆ ಅಲ್ಲೆಲ್ಲ ಗಾಳಿ ನುಗ್ಗುತ್ತದೆ. ಬೀಡಿನಲ್ಲಿ ಬಿರುಕು ಕಂಡರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ಅದನ್ನು ಬೆಸೆಯುವುದು ಕಷ್ಟ, ಬೆಸೆದದ್ದು ಬಿಸಿಗೆ ಮತ್ತೆ ಬಿಡುತ್ತದೆ. ಬಾಗಿಲಿನ ಸಂದಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲ ಸುತ್ತ ಗಾಳಿ ತಡೆಯಲು ಕೂರಿಸಿರುವ ಹಗ್ಗ ಸತ್ತಿದೆ. ಅದು ಚಿಕ್ಕ ಖರ್ಚು, ಹೆದರಬೇಡಿ. ಒಳಗಿನ ಇಟ್ಟಿಗೆ ಒಡೆದಿದ್ದರೂ ಪರವಾಗಿಲ್ಲ. ಬೆಂಕಿಯ ಮೇಲೆ, ಹೊಗೆ ನೇರ ಚಿಮಣಿಗೆ ಏರದಂತೆ ಇಟ್ಟಿರುವ ತಡೆಹಲಗೆ ಸೊಟ್ಟಗಾಗಿದ್ದರೆ ಆ ಮಾಡೆಲ್ಲಿನ ಬಿಡಿಭಾಗ ಇನ್ನೂ ಸಿಗುತ್ತದೆಯಾ ಅಂತ ಮೊದಲು ವಿಚಾರಿಸಿ.

ಆಮೇಲೆ ಹಿಂಬದಿಯ ಲೋಹದ ಪಟ್ಟಿ ಹುಡುಕಿ. ಗೋಡೆಯಿಂದ ಎಷ್ಟು ದೂರ ಇಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಪಟ್ಟಿ ಇಲ್ಲದ ಒಲೆಯನ್ನು ಸುಡುವ ವಸ್ತುಗಳಿಂದ, ಅಂದರೆ ಮರದ ಗೋಡೆ, ಪರದೆ, ಸೋಫಾ ಇತ್ಯಾದಿಗಳಿಂದ 36 ಇಂಚು ದೂರ ಇಡಬೇಕು. ಗೋಡೆಗೆ ಒಂದು ಇಂಚು ಗಾಳಿ ಸಂದು ಬಿಟ್ಟು ತಗಡಿನ ಅಡ್ಡಹಲಗೆ ಹಾಕಿದರೆ ಗೋಡೆಯ ಕಡೆ ಅದು 12 ಇಂಚಿಗೆ ಇಳಿಯಬಹುದು, ಆದರೆ ಅದಕ್ಕೂ ಖರ್ಚು. ನೆಲದ ಮೇಲೆ ಬಾಗಿಲ ಮುಂದೆ 18 ಇಂಚು, ಪಕ್ಕಗಳಲ್ಲಿ 8 ಇಂಚು ಸುಡದ ಹಾಸು ಬೇಕು. ಇಷ್ಟೆಲ್ಲ ಬಿಟ್ಟ ಮೇಲೆ ನಿಮ್ಮ ಕೋಣೆಯಲ್ಲಿ ಎಷ್ಟು ಜಾಗ ಉಳಿಯುತ್ತದೆ? ಚದರ ಅಡಿಗೆ ಮನೆ ಕಟ್ಟಿಸಿದ ರೇಟ್ ಹಾಕಿ ನೋಡಿದರೆ ಅಗ್ಗದ ಒಲೆ ಅಷ್ಟೇನೂ ಅಗ್ಗ ಅನ್ನಿಸುವುದಿಲ್ಲ.

ವಯಸ್ಸಿಗೂ ಬೆಲೆಯಿದೆ. ಅಮೆರಿಕದಲ್ಲಿ 1990ರಲ್ಲಿ ಸಾದಾ ಒಲೆಗೆ ಗಂಟೆಗೆ 7.5 ಗ್ರಾಂ ಹೊಗೆಕಣ ಬಿಡಲು ಅವಕಾಶವಿತ್ತು. 2020ರಿಂದ ಹೊಸ ಒಲೆಗಳಿಗೆ ಆ ಮಿತಿ 2 ಗ್ರಾಂ, ಸಾಮಾನ್ಯ ಸೌದೆ ಹಾಕಿ ಪರೀಕ್ಷಿಸಿದರೆ 2.5. ಹೊಗೆ ಅಂದರೆ ಸುಡದೆ ಹೋದ ಸೌದೆ. ಹೊಸ ಒಲೆಗಳಲ್ಲಿ ಮೇಲುಗಡೆಯಿಂದ ಬಿಸಿಗಾಳಿ ಬಿಟ್ಟು ಆ ಹೊಗೆಯನ್ನೂ ಉರಿಸುತ್ತಾರೆ. ಹಳೆಯದರಲ್ಲಿ ನಿಮ್ಮ ಸೌದೆಯ ಒಂದು ಪಾಲು ಚಿಮಣಿಯ ಗೋಡೆಗೋ ಪಕ್ಕದ ಮನೆಯವರ ಮೂಗಿಗೋ ಹೋಗುತ್ತದೆ. ವರ್ಷಕ್ಕೆ ಇಪ್ಪತ್ತು ದಿನ ಉರಿಸುವವರಾದರೆ ತಗೊಳ್ಳಿ. ಚಳಿಗಾಲ ಪೂರ್ತಿ ಉರಿಸುವವರಾದರೆ ಬೇಡ.

ಮನೆಗೆ ವಿಮೆ ಇದ್ದರೆ ಒಲೆ ತರುವ ಮುಂಚೆಯೇ ಅವರಿಗೆ ಬರೆದು ತಿಳಿಸಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕಂತು ಸ್ವಲ್ಪ ಏರಬಹುದು. ಪರಿಣತರು ಕೂರಿಸಿದ್ದಕ್ಕೆ ಪತ್ರ ಕೇಳಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಬಾರದು. ಬೆಂಕಿ ಬಿದ್ದ ಮೇಲೆ 'ನೀವು ಒಲೆಯ ವಿಷಯ ಹೇಳಿರಲಿಲ್ಲ' ಅಂದರೆ ಕಟ್ಟಿದ ಕಂತೆಲ್ಲ ಹೊಳೆಗೆ ಹಾಕಿದಂತೆ.

ಪ್ರಶ್ನೆ: ಒಲೆ ದೊಡ್ಡದಿದ್ದರೆ ಇಡೀ ಮನೆ ಬೆಚ್ಚಗಾಗುತ್ತದಲ್ಲವೇ? ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ. ದೊಡ್ಡದನ್ನೇ ತಗೊಳ್ಳೋಣ ಅಂತಿದ್ದೇನೆ ಸರ್.

ಸರ್ ಅಲ್ಲ, ಮೇಡಂ. ಇರಲಿ.

ಬೇಡ. ಒಲೆ ಇಟ್ಟ ಕೋಣೆ ಕುದಿಯುತ್ತದೆ, ಬಾಗಿಲಾಚೆಯ ಕೋಣೆ ಹಾಗೇ ಇರುತ್ತದೆ. ಸೆಖೆ ತಾಳದೆ ನೀವು ಗಾಳಿಯ ಕಿಂಡಿ ಮುಚ್ಚಿ ಬೆಂಕಿಯನ್ನು ಕುಗ್ಗಿಸುತ್ತೀರಿ. ಕುಗ್ಗಿದ ಬೆಂಕಿ ಹೊಗೆಯಾಡುತ್ತದೆ. ಗಾಜು ಕಪ್ಪು, ಚಿಮಣಿ ಜಿಡ್ಡು, ಸೌದೆ ದಂಡ. ಚಿಕ್ಕ ಒಲೆಯನ್ನು ಚುರುಕಾಗಿ ಉರಿಸುವುದೇ ಎಲ್ಲ ರೀತಿಯಲ್ಲೂ ಅಗ್ಗ.

ಅಂದಾಜು ಹೀಗೆ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ 500ರಿಂದ ಭಾಗಿಸಿ. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದಾಗ ಸಾಧಾರಣ ಗೋಡೆಗಳ ಕೋಣೆಗೆ ಬೇಕಾಗುವ ಕಿಲೋವಾಟ್ ಬರುತ್ತದೆ. 20 ಅಡಿ, 15 ಅಡಿ, 10 ಅಡಿ ಎತ್ತರದ ಹಾಲ್‌ಗೆ 6 ಕಿಲೋವಾಟ್. ನಿಮ್ಮ ಕಡೆ ಅಷ್ಟು ಚಳಿ ಇಲ್ಲದಿದ್ದರೆ ಇನ್ನೂ ಕಮ್ಮಿ ಸಾಕು. ದೊಡ್ಡ ಒಲೆಗೆ ಕೊಡಬೇಕೆಂದಿದ್ದ ಆ ಸ್ವಲ್ಪ ವ್ಯತ್ಯಾಸವನ್ನು ಕಿಟಕಿ ಸಂದು ಮುಚ್ಚಿಸಲು ಹಾಕಿ. ಹಾಗೆಯೇ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಳ್ಳಿ. ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೌದೆ ಸುಡುವ ಮನೆಗೆ ಆ ಡಬ್ಬಿ ಬೇಕೇ ಬೇಕು. ಅಡುಗೆಮನೆಯಲ್ಲಿ ಜೋರಿನ ಎಕ್ಸಾಸ್ಟ್ ಫ್ಯಾನ್ ಇದ್ದರೆ ಇನ್ನೂ ಎಚ್ಚರ. ಮನೆಯ ಗಾಳಿಯನ್ನು ಫ್ಯಾನ್ ಒಂದು ಕಡೆ, ಚಿಮಣಿ ಒಂದು ಕಡೆ ಎಳೆದಾಡುತ್ತವೆ. ಫ್ಯಾನ್ ಗೆದ್ದರೆ ಹೊಗೆ ಒಳಗೆ ಇಳಿಯುತ್ತದೆ.

ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಚಿಕ್ಕದೂ ಬೇಡ.

ಪ್ರಶ್ನೆ: ಮನೆ ಕೊಂಡಾಗಲೇ ಹಾಲ್‌ನಲ್ಲಿ ಹಳೆಯ ತೆರೆದ ಅಗ್ಗಿಷ್ಟಿಕೆ ಇತ್ತು. ವರ್ಷದಲ್ಲಿ ಹತ್ತು ದಿನ, ಮಕ್ಕಳು ಮೊಮ್ಮಕ್ಕಳು ಬಂದಾಗ, ಬೆಂಕಿ ಹಾಕುತ್ತೇವೆ. ಅದರೊಳಗೆ ಒಲೆ ಕೂರಿಸಿದರೆ ಉಳಿತಾಯ ಆಗುತ್ತದೆಂದು ಒಬ್ಬರು ಹೇಳುತ್ತಿದ್ದಾರೆ. ನನಗೆ ಎಪ್ಪತ್ತೊಂದು ವರ್ಷ. ಏನು ಮಾಡಲಮ್ಮ?

ಏನೂ ಮಾಡಬೇಡಿ ಸರ್. ನನ್ನ ಗೂಡಿನೊಳಗೆ ಒಲೆ ಕೂರಿಸಿದ ಮೇಲೆ 18 ಕಿಲೋ ಸೌದೆ ಐದು ಕಿಲೋಗೆ ಇಳಿಯಿತು, ಹಿಂದಿನ ಕೋಣೆಯೂ 18 ಡಿಗ್ರಿಗೆ ಏರಿತು, ನಿಜ. ಆದರೆ ನಾನು ದಿನಾ ಉರಿಸುವವಳು. ಬರೀ ಒಲೆ ಇಟ್ಟರೂ ಆಗಲಿಲ್ಲ, ಚಿಮಣಿಯ ಉದ್ದಕ್ಕೂ 6 ಇಂಚಿನ ಸ್ಟೀಲ್ ಪೈಪ್ ಇಳಿಸಬೇಕಾಯಿತು. ಹಳೆಯ ಅಗಲ ಚಿಮಣಿಯಲ್ಲಿ ಒಲೆಯ ಹೊಗೆ ಹರಡಿ ತಣ್ಣಗಾಗುತ್ತದೆ, ಅದಕ್ಕೆ. ಹತ್ತು ದಿನದ ಬೆಂಕಿಗೆ ಅಷ್ಟು ದುಡ್ಡು ಹಾಕಿದರೆ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ವಾಪಸ್ ಬರುವುದಿಲ್ಲ.

ನಿಮ್ಮ ದುಡ್ಡು ಸೋರುತ್ತಿರುವುದು ಬೆಂಕಿ ಹಾಕುವ ಆ ಹತ್ತು ದಿನ ಅಲ್ಲ, ಹಾಕದ ದಿನಗಳಲ್ಲಿ. ಚಿಮಣಿ ಬಾಯಿ ತೆರೆದೇ ಇದ್ದರೆ ರಾತ್ರಿ ಹಗಲು ಮನೆಯ ಬಿಸಿಗಾಳಿ ಅಲ್ಲಿಂದ ಹೋಗುತ್ತಿರುತ್ತದೆ. ಅಗ್ಗಿಷ್ಟಿಕೆಯ ಕತ್ತಿನಲ್ಲಿ ಡ್ಯಾಂಪರ್ ಅನ್ನುವ ಕಬ್ಬಿಣದ ಮುಚ್ಚಳ ಇರಬೇಕು. ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಸರಿ ಮಾಡಿಸಿ. ಮೊಮ್ಮಕ್ಕಳು ಬರುವ ಮುಂಚೆ ಒಮ್ಮೆ ಚಿಮಣಿ ತೋರಿಸಿ. ವರ್ಷಕ್ಕೊಂದು ಸಲ ನೋಡಿಸಲೇಬೇಕು, ಹತ್ತೇ ದಿನ ಉರಿಸಿದರೂ. ಹಕ್ಕಿ ಗೂಡು ಕಟ್ಟಿರಬಹುದು. ಮಸಿ 3 ಮಿಲಿಮೀಟರ್ ದಪ್ಪ ಕಂಡರೆ ಗುಡಿಸಿಸಿ. ಅಷ್ಟೇ ಖರ್ಚು.

ಬೆಂಕಿ ಹಾಕಿದ ರಾತ್ರಿ ಕೆಂಡ ಪೂರ್ತಿ ಆರುವವರೆಗೆ ಮುಚ್ಚಳ ಮುಚ್ಚಬಾರದು. ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೇ ಹಾಕಿ, ಹೊರಗೇ ಇಡಿ. ಮತ್ತೆ ಬೆಂಕಿ ಹಾಕುವ ದಿನ ಮುಚ್ಚಳ ತೆರೆಯುವುದನ್ನು ಮರೆಯದಂತೆ ಹಿಡಿಗೆ ಒಂದು ಕೆಂಪು ದಾರ ಕಟ್ಟಿ. ಒಲೆ ಕೂರಿಸುವ ಮುಂಚೆ ನಾನೂ ಕಟ್ಟಿದ್ದೆ. ಒಂದು ಸಲ ಮರೆತು, ಮನೆ ತುಂಬ ನೆಂಟರಿದ್ದಾಗ, ಎಲ್ಲರೂ ಕೆಮ್ಮುತ್ತಾ ಅಂಗಳಕ್ಕೆ ಓಡಿದ ಮೇಲೆ.